ಮಂಜು ಬಿದ್ದ ಸುದ್ದಿ

ಸ್ನೇಹಿತರೇ, ಇವತ್ತು ದಾವಣಗೆರೆಯ ಟೈರ್ ಅಂಗಡಿಯಲ್ಲಿ ಅಪ್ಪನಿಗೂ ನಮ್ಮ ಮಂಜು ಚಿಕ್ಕಪ್ಪನಿಗೂ ಜಗಳ. ನಮ್ಮ ಲಾರಿ ಸೇಬು ತರಲು ಕಾಶ್ಮೀರಕ್ಕೆ ಹೊರಟಿದೆ. ಹಿಮದಲ್ಲಿ ಜಾರದಂಥ ಹೊಸ ಟೈರೇ ಬೇಕೆಂದು ಚಿಕ್ಕಪ್ಪ. "ನಾವು ಹಳೇ ಟೈರಿಗೆ ಚೈನ್ ಸುತ್ಕೊಂಡು ಹೋಗಿ ಬರ್ಲಿಲ್ಲೇನೋ?" ಎಂದು ಅಪ್ಪ.

ಕೊನೆಗೆ ಹರಿಹರದ ಮನೆಗೆ, ಅವ್ವನಿಗೆ ಫೋನ್ ಹೋಯಿತು. "ಹೊಸಾವ್ನೇ ಹಾಕಿಸ್ರಿ. ಮಂಜು ಬಿದ್ದ ಸುದ್ದಿ ಇನ್ನೊಂದ್ಸಲ ಬ್ಯಾಡ ನನಗೆ" ಎಂದಳು.

ಅಂಗಡಿಯವರು ಬಿಟ್ಟರೆ ಎಲ್ಲರೂ ನಕ್ಕೆವು. ಅಣ್ಣತಮ್ಮ ಇಬ್ಬರೂ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಅಪ್ಪ ಕಾಶ್ಮೀರದಿಂದ ಫೋನ್ ಮಾಡಿ, "ಮಂಜು ಬಿದ್ದು ಲಾರಿ ನಿಂತೈತೆ" ಎಂದಿದ್ದರು. ಅಷ್ಟಕ್ಕೇ ಲೈನ್ ಕಟ್ಟಾಯಿತು. ಬಿದ್ದವನು ಮೈದುನನೇ ಎಂದುಕೊಂಡು ಅವರಿಬ್ಬರೂ ಮನೆಗೆ ಬರುವವರೆಗೂ ಅವ್ವ ಅತ್ತಿದ್ದಳು.

ಅಪ್ಪ ಹೊಸ ಟೈರನ್ನೇ ಆರಿಸಿದರು. ಚಿಕ್ಕಪ್ಪ ಅಂಗಡಿಯವರಿಗೆ ಹೇಳಿದರು: "ಅತ್ತಿಗೆ ನನ್ ಸಲುವಾಗಿ ಅತ್ತಿದ್ದು ಅದೊಂದೇ ಸಲ ನೋಡ್ರಿ. ಅದೂ ತಪ್ಪು ತಿಳ್ಕೊಂಡು!"