ಮುಯ್ಯಾಳಾಗಿ ಕುಳಿತ ಮಧ್ಯಾಹ್ನ

“ಕೈಕಾಲು ತೊಳೀದೆ ಒಳಕ್ಕೆ ಬರ್ಬೇಡಿ ಮೇಡಂ, ಹುಳ ಹಣ್ಣಾಗವೆ,” ಎಂದು ಸಾತನೂರಿನ ಆ ಮನೆಯ ಬಾಗಿಲಲ್ಲೇ ಸವಿತಾಳ ತಾಯಿ ನನ್ನನ್ನು ತಡೆದರು. ನನ್ನ ಡಿಪ್ಲೊಮಾ ವಿದ್ಯಾರ್ಥಿನಿ ಸವಿತಾಳಿಗೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ ದೊರೆತಿತ್ತು. ಅಂದು ಸಂಜೆಯೊಳಗೆ ಬೆಂಗಳೂರಿನ ಕಾಲೇಜಿಗೆ ಹಾಜರಾಗದಿದ್ದರೆ ಸೀಟು ಕೈತಪ್ಪುತ್ತಿತ್ತು. ಅವಳು ಇನ್ನೂ ಹೊರಟಿಲ್ಲವೆಂದು ತಿಳಿದು ನಾನೇ ಬಂದಿದ್ದೆ. ಅವಳೋ ಒಳಗೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆ ಹುಳುಗಳನ್ನು ಆರಿಸಿ ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುತ್ತಿದ್ದಳು, ತಲೆ ಎತ್ತಲಿಲ್ಲ.

ಹೆಣ್ಣುಮಕ್ಕಳ ಶಿಕ್ಷಣದ ಹಕ್ಕಿನ ಬಗ್ಗೆ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾದವನ್ನು ನಾನು ಹೊಸ್ತಿಲಾಚೆ ನಿಂತೇ ಮಂಡಿಸಿದೆ. ತಾಯಿ ಪೂರ್ತಿ ಕೇಳಿಸಿಕೊಂಡರು.

“ಓದ್ಬೇಡ ಅಂತ ಯಾರಂದ್ರು? ಬತ್ತೀನಿ ಅಂದಿದ್ದ ಆಳು ಬರ್ನಿಲ್ಲ. ಹುಳ ನಾಳೆಗಂಟ ಕಾಯಾಕಿಲ್ಲ. ಅವ್ಳ ಬದ್ಲು ನೀವೇ ಮುಯ್ಯಾಳಾಗಿ ಕೂತ್ಕಳಿ, ಅವ್ಳು ಹೋಗ್ಲಿ. ನಿಮ್ಮನೆ ಕೆಲ್ಸಕ್ಕೆ ನಾ ಬತ್ತೀನಿ.”

ಸವಿತಾ ಬಸ್ಸಿಗೆ ಓಡಿದಳು. ನಾನು ಕೈಕಾಲು ತೊಳೆದು ಅವಳ ಜಾಗದಲ್ಲಿ ಕುಳಿತು ಹುಳು ಆರಿಸುತ್ತ, ಬಸ್ಸು ಕನಕಪುರ ದಾಟಿತೋ ಇಲ್ಲವೋ ಎಂದು ಚಡಪಡಿಸುತ್ತಿದ್ದೆ.

“ಒಸಿ ಮೆತ್ತಗೆ ಹಿಡೀರಿ, ಹಿಸುಕ್ಬುಟ್ಟೀರಿ,” ಎಂದ ತಾಯಿಯ ಕಣ್ಣೂ ಆಗಾಗ ನನ್ನ ಮೊಬೈಲಿನತ್ತ ಹೊರಳುತ್ತಿತ್ತು. ಹೊತ್ತು ಇಳಿಯುವಾಗ ಅದು ಸದ್ದು ಮಾಡಿತು. “ಸೇರ್ಕಂಡೆ ಮೇಡಂ. ಅವ್ವನ್ಗೆ ಯೋಳಿ,” ಎಂದಳು ಸವಿತಾ.

ಮುಯ್ಯಾಳಿನ ಋಣ ದುಡಿಮೆಯಿಂದಲೇ ತೀರಬೇಕೆನ್ನುತ್ತ ಆ ತಾಯಿ ಮುಂದಿನ ಭಾನುವಾರ ನಮ್ಮ ಮನೆಗೆ ಬಂದು, ಬೇಡವೆಂದರೂ ಕೇಳದೆ ರಾಗಿ ಕೇರಿಕೊಟ್ಟು ಹೋದರು. ಈಗ ಯಾವ ವಿದ್ಯಾರ್ಥಿನಿಯ ಮನೆಗೆ ಹೋದರೂ, ವಾದ ಹೂಡುವ ಮೊದಲು ಅಲ್ಲಿ ಏನು ಅಡ್ಡಿಯಾಗಿದೆಯೆಂದು ಕೇಳುತ್ತೇನೆ.