ಯುದ್ಧನೌಕೆಗೆ ದನಿಯಾದ ಮಮತ

ದೊಡ್ಡಬಳ್ಳಾಪುರದ ಪಿಳ್ಳಣ್ಣನವರ ಶೆಡ್ಡಿನಲ್ಲಿ ಮಮತ ಇಪ್ಪತ್ತೆರಡು ವರ್ಷದಿಂದ ಪವರ್‌ಲೂಮ್ ನೋಡಿಕೊಳ್ಳುತ್ತಿದ್ದಳು. ಎಂಟು ಮಗ್ಗ ಒಟ್ಟಿಗೆ ಬಡಿಯುವ ಆ ಜಾಗದಲ್ಲಿ ಕೂಗಿದರಷ್ಟೇ ಮಾತು. ಕಳೆದ ವರ್ಷ ತಂಗಿಯ ಮದುವೆಗೆ ಸೀರೆ ಕೊಳ್ಳಲು ಆನಂದ್ ಎಂಬಾತ ಅಲ್ಲಿಗೆ ಬಂದ. ಅವನಿಗೆ ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ.

"ಎಳೆ ಕಿತ್ತೋಯ್ತು, ಮಗ್ಗ ನಿಲ್ಸ್ರೋ!" ಎಂದು ಮಮತ ಕೂಗಿದ್ದು ಕೇಳಿ ಅವನು ಸೀರೆ ಮರೆತು ನಿಂತ.

"ಅಕ್ಕಾ, ನಮ್ಮ ಹಡಗಿಗೆ ಇದೇ ದನಿ ಬೇಕಿತ್ತು."

"ಹಡಗು ಮಾತಾಡತ್ತೇನಪ್ಪಾ?"

"ನಾವು ಕನ್ನಡಕ್ಕೆ ತರ್ತಿರೋ ಅನಿಮೆಯಲ್ಲಿ, ಅಂದ್ರೆ ಜಪಾನಿ ಕಾರ್ಟೂನ್ ಸರಣಿಯಲ್ಲಿ, ಮಾತಾಡತ್ತೆ. ಯುದ್ಧದ ಹಡಗೇ, ಆದ್ರೆ ಅದಕ್ಕೂ ಮನಸ್ಸಿದೆ. ಅಳತ್ತೆ ಕೂಡ."

ಆರು ಭಾನುವಾರ ಅವಳು ಬಸ್ಸು ಹತ್ತಿ ಹೋದಳು, ಆರು ಕಂತುಗಳಿಗೆ ದನಿ ಕೊಟ್ಟಳು. ಮಗ್ಗದ ಹುಡುಗರಿಗಲ್ಲದೆ ಜನ್ಮದಲ್ಲಿ ಯಾರಿಗೂ ಆಜ್ಞೆ ಮಾಡದವಳು ಇಡೀ ನೌಕಾಪಡೆಗೆ ಆಜ್ಞೆ ಮಾಡಿದಳು. ನಿರಾಶ್ರಿತರ ದೋಣಿಗಳು ಎದುರಾದಾಗ ಹಡಗು, "ಇವರ ಮೇಲೆ ಗುಂಡು ಹಾರಿಸುವುದಿಲ್ಲ" ಎನ್ನಬೇಕಿತ್ತು. ಅವಳು ಅದನ್ನು ಹೇಳಿದ ರೀತಿಗೆ ಗಾಜಿನಾಚೆ ಕೂತವರೆಲ್ಲ ಚಪ್ಪಾಳೆ ತಟ್ಟಿದರು.

ಏಳನೆಯ ಕಂತಿನಲ್ಲಿ ಹಡಗು ಮುಳುಗುತ್ತದೆ. ಕ್ಯಾಪ್ಟನ್ನನ ಕಿವಿಯಲ್ಲಿ ಪಿಸುಗುಟ್ಟಿದಂತೆ ವಿದಾಯ ಹೇಳುತ್ತದೆ.

"ಇನ್ನೂ ಮೆಲ್ಲಗೆ ಅಕ್ಕಾ."

"ಮೆಲ್ಲಗೇ ಹೇಳ್ತಿದೀನಲ್ಲಪ್ಪಾ!"

ಇಪ್ಪತ್ತು ಸಲ ಹೇಳಿಸಿದರು. ತನ್ನ ದನಿ ಎಷ್ಟು ಜೋರಾಗಿದೆಯೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಆನಂದನ ಮಾತು ಕೇಳಿ ಡಾಕ್ಟರಿಗೆ ತೋರಿಸಿದಳು. ಮಗ್ಗದ ಸದ್ದಿಗೆ ಅರ್ಧಕ್ಕಿಂತ ಹೆಚ್ಚು ಕಿವಿ ಹೋಗಿದೆ, ಅದು ಮರಳಿ ಬರುವುದಿಲ್ಲ ಎಂದರು.

ಸ್ಟುಡಿಯೋದವರು ಬೇರೆ ಹೆಂಗಸನ್ನು ಕರೆಸಿದರು. ಹಿಂದಿನ ಆರು ಕಂತಿನಿಂದಲೂ ಮಮತಳ ದನಿ ತೆಗೆದರು.

"ಆ ಆರಾದ್ರೂ ಬಿಡಪ್ಪಾ. ಚೆನ್ನಾಗಿದೆ ಅಂತ ನೀನೇ ಹೇಳಿದ್ದೆ."

"ನಡುವೆ ದನಿ ಬದಲಾದ್ರೆ ನೋಡೋರು ಒಪ್ಪಲ್ಲ ಅಕ್ಕಾ," ಎಂದ ಆನಂದ್. ಅವಳ ಮುಖ ನೋಡಲಿಲ್ಲ.

ವಿಷಯ ತಿಳಿದ ಪಿಳ್ಳಣ್ಣ ನಕ್ಕರು. "ಮಗ್ಗದೋರ ಕಿವಿ ಅಷ್ಟೇ ಕಣವ್ವಾ. ನಂದೂ ಹೋಗಿಲ್ವಾ?"

"ಗೊತ್ತಿದ್ದೂ ಇಷ್ಟು ವರ್ಷ ಒಂದ್ಮಾತು ಹೇಳ್ಲಿಲ್ವಲ್ಲಣ್ಣಾ."

"ಹೇಳಿದ್ರೆ ಕೆಲಸ ಬಿಟ್ಟೋಗ್ತಿದ್ಯಾ?"

ಬಿಟ್ಟು ಹೋಗುವಂತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಸರಣಿ ಬಿಡುಗಡೆಯಾದ ಮೇಲೆ ಮಗಳು ಅರ್ಪಿತ ಮೊಬೈಲಿನಲ್ಲಿ ಏಳನೆಯ ಕಂತು ಹಾಕಿದಳು. ಹಡಗಿನ ಮೂತಿ ನೀರಿಗಿಳಿಯಿತು. ಕ್ಯಾಪ್ಟನ್ ತಲೆ ಬಗ್ಗಿಸಿ ಆಲಿಸುತ್ತಿದ್ದ. ಮಮತಳಿಗೆ ಏನೂ ಕೇಳಿಸಲಿಲ್ಲ. ಅರ್ಪಿತ ಸೌಂಡು ಪೂರ್ತಿ ಏರಿಸಿದಳು.

"ಈಗ ಕೇಳ್ತಾ ಅಮ್ಮಾ?"

"ಹೂಂ," ಎಂದು ಸುಳ್ಳು ಹೇಳಿ ಮಮತ ಪಾತ್ರೆ ತೊಳೆಯಲು ಎದ್ದಳು. ಮಾರನೆಯ ದಿನ ಎಂಟು ಗಂಟೆಯ ಪಾಳಿಗೆ ಮಗ್ಗಗಳ ನಡುವೆ ನಿಂತಿದ್ದಳು.