ಮಹಿಳಾ ವಾಲಿಬಾಲಿನ ಪಾಲು

ಗ್ರೀಸಿನ ಪಿರಾಯಸ್ ಬಂದರಿನ ಬಳಿಯ ಕ್ರೀಡಾಸಂಘವೊಂದರ ಪರವಾಗಿ ಅರ್ಗಿರೋ ಹತ್ತೊಂಬತ್ತು ವರ್ಷ ವಾಲಿಬಾಲ್ ಆಡಿದ್ದಳು. ಸಂಘ ಗೆದ್ದ ಏಕೈಕ ರಾಷ್ಟ್ರೀಯ ಪ್ರಶಸ್ತಿಯನ್ನು ತಂದದ್ದು ಅವಳ ನಾಯಕತ್ವದ ಮಹಿಳಾ ತಂಡ. ಈಗ ಅರವತ್ತೆರಡರಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ, ಅದೂ ಬಾಸ್ಕೆಟ್‌ಬಾಲಿನವರು ಅಂಗಣ ಬಿಟ್ಟುಕೊಟ್ಟ ವೇಳೆಯಲ್ಲಿ ಮಾತ್ರ.

ಹೊಸ ವರ್ಷದ ಕೇಕ್ ಕತ್ತರಿಸುವಾಗ ಅಧ್ಯಕ್ಷ ಪೊಲಿಕಾರ್ಪೋಸ್ ಒಂದೊಂದು ತುಂಡಿಗೂ ಹೆಸರು ಕೂಗುವುದು ವಾಡಿಕೆ. ಕ್ರಿಸ್ತನಿಗೆ, ಮೇರಿ ಮಾತೆಗೆ, ಸಂಘಕ್ಕೆ, ಫುಟ್‌ಬಾಲಿಗೆ, ಬಾಸ್ಕೆಟ್‌ಬಾಲಿಗೆ, ಕಡೆಗೆ ಹುಲ್ಲು ಕತ್ತರಿಸುವ ಯಂತ್ರ ಕೊಟ್ಟ ಮಹನೀಯರಿಗೂ ಒಂದು. ಅಲ್ಲಿಗೆ ಕೇಕ್ ಮುಗಿಯಿತು. ಹೀಗಾದದ್ದು ಸತತ ಮೂರನೆಯ ವರ್ಷ.

"ಅಧ್ಯಕ್ಷರೇ, ವಾಲಿಬಾಲಿನ ತುಂಡೆಲ್ರೀ?"

"ಅಯ್ಯೋ, ಮರ್ತೇಬಿಟ್ಟೆ ಅರ್ಗಿರೋ ಅಕ್ಕಾ! ಹೋಗ್ಲಿ ಬಿಡಿ, ನಿಮ್ಮ ಹುಡುಗೀರು ದಪ್ಪ ಆದ್ರೆ ಹಾರೋದ್ಯಾರು?"

ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಅವಳ ಹುಡುಗಿಯರೂ ತಲೆ ತಗ್ಗಿಸಿ ನಕ್ಕರು. ಅರ್ಗಿರೋಳನ್ನು ಚುಚ್ಚಿದ್ದು ಆ ನಗು. ಅವಮಾನವನ್ನು ಹೀಗೆ ನುಂಗುವುದನ್ನು ಅವರು ಕಲಿತದ್ದು ತನ್ನಿಂದಲೇ ಎಂದು ಅವಳಿಗೆ ಗೊತ್ತಿತ್ತು.

ಅವಳು ಮುಂದೆ ಹೋಗಿ, ಚಾಕು ಕಿತ್ತುಕೊಂಡು, ಫುಟ್‌ಬಾಲಿನ ತುಂಡನ್ನು ಎರಡಾಗಿ ಸೀಳಿದಳು.

"ಅಕ್ಕಾ, ಅದು ನಮ್ದು!" ಎಂದ ಫುಟ್‌ಬಾಲ್ ನಾಯಕ.

"ಒಂದು ಕಪ್ ಗೆದ್ಕೊಂಡ್ ಬಾರೋ, ಪೂರ್ತಿ ಕೊಡ್ತೀನಿ. ಅಧ್ಯಕ್ಷರೇ, ಹೆಸರು ಕೂಗಿ."

"ವಾಲಿಬಾಲಿಗೆ..." ಎಂದು ಆತ ಗೊಣಗಿದ.

"ಕೇಳಿಸ್ಲಿಲ್ಲ."

"ಮಹಿಳಾ ವಾಲಿಬಾಲಿಗೆ!"

ಈ ಸಲ ಹಿಂದಿನ ಸಾಲು ನಗಲಿಲ್ಲ. ಹುಡುಗಿಯರು ಎದ್ದು, ತಲೆಯೆತ್ತಿಕೊಂಡೇ ಮುಂದೆ ಬಂದರು.